ಮೈಸೂರಿನ ಕುಡಿತ ಬಿಡಿಸುವ ಎರಡು ಜಾಗ, ಒಂದು ರಿಜಿಸ್ಟರ್

ಮೊದಲೇ ಹೇಳಿಬಿಡುತ್ತೇನೆ, ಎರಡೂ ಜಾಗದ ಹೆಸರು ಬರೆಯುವುದಿಲ್ಲ. ಬೈಯುವ ಜಾಗದ ಹೆಸರು ಬರೆದರೆ ವಕೀಲರ ನೋಟಿಸು ಬರುತ್ತದೆ. ಹೊಗಳುವ ಜಾಗದ ಹೆಸರು ಬರೆದರೆ ಅಲ್ಲಿರುವ ಒಬ್ಬರೇ ಮೇಡಂ ಮುಂದೆ ನಾಳೆ ಜಾತ್ರೆ ಸೇರುತ್ತದೆ, ಆಮೇಲೆ ನಮ್ಮ ಹುಡುಗನಿಗೆ ಫೋನ್ ಮಾಡುವವರು ಯಾರು? ಆದರೆ ಎರಡನ್ನೂ ನಾನು ಹೇಗೆ ತೂಗಿ ನೋಡಿದೆ ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಎರಡೂ ಜಾಗಕ್ಕೆ ಸೇರಿಸಿದ್ದ ಆ ಹುಡುಗ ನನ್ನ ಭಾಮೈದ. ಅವನೇ ಇದನ್ನು ಓದಿ, ಎರಡು ಕಡೆ ಕಾಟು ಹೊಡೆದು, ಸರಿ ಹಾಕು ಅಂದ ಮೇಲೆಯೇ ಹಾಕುತ್ತಿದ್ದೇನೆ.

ತೂಗುವುದು ನನ್ನ ಹೊಟ್ಟೆಪಾಡು. ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ವೇಬ್ರಿಡ್ಜ್ ಮೇಲೆ ಕೂರುತ್ತೇನೆ. ಕಬ್ಬು ತುಂಬಿದ ಲಾರಿ ಒಳಗೆ ಬರುವಾಗ ಒಂದು ತೂಕ. ಕಬ್ಬು ಇಳಿಸಿ ಖಾಲಿ ಲಾರಿ ಹೊರಗೆ ಹೋಗುವಾಗ ಇನ್ನೊಂದು ತೂಕ. ಎರಡನೇ ತೂಕ ಹಾಕದಿದ್ದರೆ ಕಬ್ಬು ಎಷ್ಟು ಬಂತು ಅಂತ ಆ ಶಿವನಿಗೂ ಗೊತ್ತಾಗುವುದಿಲ್ಲ. ರೈತರು ಜಗಳಕ್ಕೆ ಬರುವುದೂ ಇದೇ ಎರಡನೇ ತೂಕಕ್ಕೆ.

ಭಾಮೈದನಿಗೆ ಈಗ 34. ಮೊದಲು ಆಲೆಮನೆಯಲ್ಲಿದ್ದ, ಆಮೇಲೆ ಗೂಡ್ಸ್ ಆಟೊ. ಕುಡಿತ ಹತ್ತಿದ್ದು ಆಲೆಮನೆಯಲ್ಲಿ, ರಾತ್ರಿಯೆಲ್ಲ ಕೊಪ್ಪರಿಗೆ ಮುಂದೆ ನಿಂತ ಮೈಕೈ ನೋವಿಗೆ ಅಂತ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಅದು ಎದ್ದು ಹೋದ ಜಾಗದಲ್ಲಿ ನೈಂಟಿಯ ಟೆಟ್ರಾ ಪ್ಯಾಕ್ ಬಂದು ಕೂತಿತು. ಜೇಬಿಗೆ ಹಿಡಿಸುತ್ತದೆ, ಬಾಟಲಿಯ ಸದ್ದೂ ಇಲ್ಲ. ಬರುಬರುತ್ತಾ ಬೆಳಗ್ಗೆ ಎದ್ದ ತಕ್ಷಣ ಕೈ ನಡುಗೋಕೆ ಶುರುವಾಯಿತು, ಒಂದು ನೈಂಟಿ ಒಳಗೆ ಹೋದರೆ ನಡುಕ ನಿಲ್ಲುತ್ತಿತ್ತು. ನಾವು ಅದನ್ನು ಕೊಬ್ಬು ಅಂದುಕೊಂಡಿದ್ದೆವು.

ಮಾಡದ ಉಪಾಯ ಇಲ್ಲ. ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಆಣೆ ಹಾಕಿಸಿದೆವು, ಆಣೆ ಕೊಳ್ಳೇಗಾಲದವರೆಗೆ ಬಂತು. ಅದಕ್ಕೂ ಹಿಂದೆ, ಇನ್ನೂ ಕೈ ನಡುಕ ಇಲ್ಲದ ಕಾಲಕ್ಕೆ, ಅಯ್ಯಪ್ಪನ ಮಾಲೆ ಹಾಕಿ 48 ದಿನ ಒಂದು ತೊಟ್ಟು ಮುಟ್ಟಿರಲಿಲ್ಲ. ಅದು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಮಾಲೆ ತೆಗೆದ ಸಂಜೆ ಅಷ್ಟೂ ದಿನದ ಬಾಕಿ ತೀರಿಸಿದ. ಕೊನೆಗೆ ಅತ್ತೆ ಯಾರೋ ಕೊಟ್ಟ ಪುಡಿಯನ್ನು ಅವನಿಗೆ ತಿಳಿಯದ ಹಾಗೆ ಸಾರಿಗೆ ಹಾಕಿದರು. ಅವತ್ತು ರಾತ್ರಿ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿ ಮಾಡಿ ಮಾಡಿ ಸಾಯುವ ಹಾಗಾದ. ಆ ಪುಡಿಯಲ್ಲಿ ಏನಿತ್ತೋ, ಆದರೆ ಡೈಸಲ್ಫಿರಾಂ ಅನ್ನುವ ಮಾತ್ರೆಯೊಂದಿದೆ, ಅದು ಮೈಯಲ್ಲಿರುವಾಗ ಕುಡಿದರೆ ಹೀಗೇ ಆಗುತ್ತದೆ ಅಂತ ಆಮೇಲೆ ಡಾಕ್ಟರು ಹೇಳಿದರು. ಅದು ಕುಡಿತದ ಚಟ ಇರುವವನಿಗೆ ಹೇಳಿ, ಒಪ್ಪಿಸಿ, ಹೃದಯ ಮತ್ತು ಲಿವರ್ ನೋಡಿ ಕೊಡುವ ಔಷಧಿ. ಸಾರಿನಲ್ಲಿ ಕಲಸುವುದಲ್ಲ. ತಾಯಂದಿರಿಗೆ ಕೈ ಮುಗಿದು ಹೇಳುತ್ತೇನೆ, ಆ ಪುಡಿ ಬೇಡ.

ಈಗ ಮೊದಲನೇ ಜಾಗ. ಮೈಸೂರಿನ ರಿಂಗ್ ರಸ್ತೆಯಿಂದ ಆಚೆ, ಬಾಡಿಗೆ ಮನೆಯಲ್ಲಿ ನಡೆಸುವ ಖಾಸಗಿ ಕೇಂದ್ರ. ತಿಂಗಳಿಗೆ 12 ಸಾವಿರ, ಮೂರು ತಿಂಗಳ ಹಣ ಮೊದಲೇ ಕಟ್ಟಬೇಕು. ರಾತ್ರಿ ನಾಲ್ಕು ಜನ ವ್ಯಾನಿನಲ್ಲಿ ಬಂದು ಮಲಗಿದ್ದವನನ್ನು ಎತ್ತಿಕೊಂಡು ಹೋದರು, ಅದಕ್ಕೆ ಮೂರು ಸಾವಿರ ಬೇರೆ. ಅದನ್ನು ಅವರು ಪಿಕಪ್ ಅನ್ನುತ್ತಾರೆ. ಗೋಡೆ ಮೇಲೆ ದೊಡ್ಡದಾಗಿ 95 ಪರ್ಸೆಂಟ್ ಗುಣ ಅಂತ ಬೋರ್ಡ್. ನಾವು ಆ ಬೋರ್ಡಿಗೇ ಬಿದ್ದದ್ದು, ಸುಳ್ಳು ಯಾಕೆ ಹೇಳಲಿ. ಮೆಡಿಕಲ್ ಪಾಲಿಸಿ ಇತ್ತು, ತೆಗೆದು ನೋಡಿದರೆ ಕುಡಿತ ಮತ್ತು ಡ್ರಗ್ಸ್ ಚಟದ ಚಿಕಿತ್ಸೆಗೆ ಹಣ ಇಲ್ಲ ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ನಿಮ್ಮದನ್ನೂ ತೆಗೆದು ನೋಡಿಕೊಳ್ಳಿ.

ಮೂರು ವಾರ ಫೋನ್ ಕೊಡಲಿಲ್ಲ. ಮನೆಯವರ ಮುಖ ನೋಡಿದರೆ ಮನಸ್ಸು ಕರಗುತ್ತದೆ ಅಂದರು, ನಾವೂ ತಲೆ ಆಡಿಸಿದೆವು. ಆಮೇಲೆ ಅವನ ಬಾಯಿಂದಲೇ ಗೊತ್ತಾದದ್ದು ಇದು. ಸೇರಿಸಿದ ಮೂರನೇ ದಿನ ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಅಂತ ಕಿರುಚಿದ್ದಾನೆ, ಎದ್ದು ಓಡಿದ್ದಾನೆ, ನಾಟಕ ಆಡುತ್ತಾನೆ ಅಂತ ಮಂಚಕ್ಕೆ ಕಟ್ಟಿಹಾಕಿದ್ದಾರೆ. ಡಾಕ್ಟರು ವಾರಕ್ಕೊಮ್ಮೆ ಬರುವವರು, ಅವತ್ತು ವಾರ ಆಗಿರಲಿಲ್ಲ. ನಮಗೆ ಒಂದು ಕರೆ ಇಲ್ಲ.

ಇದಕ್ಕೆ ಕಾನೂನು ಇದೆ ಅಂತ ನನಗೆ ಆಗ ತಿಳಿದಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಅದರಲ್ಲಿ ಬರುತ್ತದೆ. ಸರಪಳಿ ಹಾಕುವ ಹಾಗೇ ಇಲ್ಲ. ತನಗೋ ಬೇರೆಯವರಿಗೋ ಕೂಡಲೇ ಅಪಾಯ ಆಗುವ ಹಾಗಿದ್ದು, ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಒಪ್ಪಿಗೆಯಿಂದ ಹಿಡಿದು ನಿಲ್ಲಿಸಬಹುದು, ಮತ್ತು ರೋಗಿಯ ಪರವಾಗಿ ನೇಮಕವಾದ ಮನೆಯವರಿಗೆ 24 ಗಂಟೆ ಒಳಗೆ ತಿಳಿಸಬೇಕು. ನಿರ್ಧಾರ ಮಾಡುವ ಸ್ಥಿತಿಯಲ್ಲಿ ಅವನು ಇಲ್ಲದಿದ್ದರೆ ಮನೆಯವರು ಅರ್ಜಿ ಕೊಟ್ಟು ಸೇರಿಸಬಹುದು, ಅದಕ್ಕೂ ಮೊದಲ ಸಲಕ್ಕೆ 30 ದಿನದ ಮಿತಿ ಇದೆ. ಮೂರು ತಿಂಗಳ ಪ್ಯಾಕೇಜು ಅನ್ನುವುದು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಮೂರು ತಿಂಗಳು ಮುಗಿಸಿ ಮನೆಗೆ ಬಂದ. ದಪ್ಪ ಆಗಿದ್ದ, ಮುಖದಲ್ಲಿ ಕಳೆ ಇತ್ತು. ಹನ್ನೊಂದನೇ ದಿನಕ್ಕೆ ಒಂದು ಬೀಗರೂಟ. ಅಲ್ಲಿಗೆ ಮುಗಿಯಿತು.

ನಾನು ಕೇಂದ್ರಕ್ಕೆ ಹೋಗಿ ಎರಡೇ ವಿಷಯ ಕೇಳಿದೆ. ಒಂದು, ಇವನಿಗೆ ಏನು ಔಷಧಿ ಕೊಟ್ಟಿರಿ, ಕಾಗದ ಕೊಡಿ. ಕೊಡಲಿಲ್ಲ, ಆದರೆ ತನ್ನ ದಾಖಲೆ ನೋಡುವುದು ರೋಗಿಯ ಹಕ್ಕು, ಅದೂ ಅದೇ ಕಾಯ್ದೆಯಲ್ಲಿದೆ. ಎರಡು, ಈ 95 ಪರ್ಸೆಂಟ್ ಎಲ್ಲಿಂದ ಬಂತು? ಹೊರಗೆ ಹೋದವರಿಗೆ ಎಷ್ಟು ತಿಂಗಳ ಮೇಲೆ ಫೋನ್ ಮಾಡಿ ಕೇಳಿದಿರಿ, ಆ ಪುಸ್ತಕ ತೋರಿಸಿ ಅಂದೆ. ಪುಸ್ತಕವೇ ಇಲ್ಲ. ಗೇಟಿನಿಂದ ಹೊರಗೆ ಹೋಗುವಾಗ ಕುಡಿಯದೆ ನಡೆದುಕೊಂಡು ಹೋದವರೆಲ್ಲ ಅವರ ಲೆಕ್ಕದಲ್ಲಿ ಗುಣ ಆದವರು. ಬೀಗ ಹಾಕಿದ ಮನೆಯಲ್ಲಿ ಮೂರು ತಿಂಗಳು ಕುಡಿಯದೇ ಇರುವುದು ಯಾವ ದೊಡ್ಡ ಸಾಧನೆ, ಜೈಲಿನಲ್ಲೂ ಹಾಗೇ ಇರುತ್ತಾರೆ ಅಲ್ವಾ? ನನ್ನ ಭಾಷೆಯಲ್ಲಿ ಹೇಳುವುದಾದರೆ ಒಂದೇ ತೂಕ ಹಾಕಿ ಬಿಲ್ ಬರೆದಿದ್ದರು.

ಎರಡನೇ ಜಾಗಕ್ಕೆ ಹೋದದ್ದು ಅದಾಗಿ ಐದು ತಿಂಗಳ ಮೇಲೆ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ವಿಷಯಕ್ಕೇ ಅಂತ 14446 ಕೂಡ ಇದೆ. ನನ್ನ ಹೆಂಡತಿ ಒಂದು ರಾತ್ರಿ ಅಳುತ್ತಾ ಮೊದಲನೇ ನಂಬರಿಗೆ ಮಾಡಿದಳು. ನಿಲ್ಲಿಸುವಾಗ ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ, ಕೈ ನಡುಗುವವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಹೋದೆವು. ಮೈಸೂರಿನದೇ ಒಂದು ಆಸ್ಪತ್ರೆಯ ಮನೋವೈದ್ಯ ವಿಭಾಗ, ಅದರೊಳಗೆ ಕುಡಿತ ಬಿಡಿಸುವ ಒಂದು ವಾರ್ಡು. ಬೋರ್ಡಿನಲ್ಲಿ ಯಾವ ಪರ್ಸೆಂಟೂ ಇರಲಿಲ್ಲ. ಫ್ಯಾನ್ ಕೂಡ ಒಂದು ತಿರುಗುತ್ತಿರಲಿಲ್ಲ.

ಡಾಕ್ಟರು ಮೊದಲು ಕೇಳಿದ್ದು ಕೊನೇ ಸಲ ಕುಡಿದದ್ದು ಎಷ್ಟು ಗಂಟೆಗೆ ಅಂತ. ಎಷ್ಟು ವರ್ಷದಿಂದ ಅಂತ ಅಲ್ಲ, ಎಷ್ಟು ಗಂಟೆಗೆ ಅಂತ. ಅವರು ಅದನ್ನು ಕಾಗದದ ಮೇಲೆ ಬರೆದು ಅಲ್ಲಿಂದ ಗಂಟೆ ಎಣಿಸಿದರು. ಕುಡಿತ ನಿಂತ ಆರೇಳು ಗಂಟೆಗೆ ನಡುಕ ಬೆವರು ಶುರು, ಎರಡು ದಿನದ ಒಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಅದಕ್ಕೆ ಚಿಕಿತ್ಸೆ ಕೊಡದಿದ್ದರೆ ಜೀವವೇ ಹೋಗಬಹುದು ಅಂದರು. ಆಗ ನನ್ನ ಕಿವಿಗೆ ಆ ಹುಳದ ಮಾತು ಬಂತು. ಕುಳಿತಲ್ಲೇ ಬೆವೆತೆ. ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ ಇಂಜೆಕ್ಷನ್ ಕೊಟ್ಟರು, ಕುಡುಕರ ಮೈಯಲ್ಲಿ ಆ ವಿಟಮಿನ್ ಖಾಲಿಯಾಗಿರುತ್ತದೆ, ಅದಿಲ್ಲದೆ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಪೆಟ್ಟು ಬೀಳಬಹುದಂತೆ. ನಡುಕಕ್ಕೆ ಮಾತ್ರೆ, ದಿನ ದಿನಕ್ಕೆ ಕಡಿಮೆ ಮಾಡುತ್ತಾ ಬಂದರು. ನರ್ಸ್ ಬಂದಾಗಲೆಲ್ಲ ಕೈ ಚಾಚಿಸಿ ನಡುಕ ನೋಡಿ ಬರೆದುಕೊಳ್ಳುತ್ತಿದ್ದರು. ಈ ಸಲ ಹುಳ ಬರಲಿಲ್ಲ.

ವಾರ್ಡಿನಲ್ಲಿ ಇದ್ದದ್ದು 16 ದಿನ ಅಷ್ಟೇ. ಬಿಲ್ಲು ಮೊದಲನೇ ಜಾಗದ ಕಾಲು ಭಾಗವೂ ಆಗಲಿಲ್ಲ. ಮೂರು ತಿಂಗಳು ಇಟ್ಟುಕೊಳ್ಳಿ ಅಂತ ಅತ್ತೆ ಗೋಗರೆದರು. ಇಟ್ಟುಕೊಂಡರೆ ಏನೂ ಆಗಲ್ಲಮ್ಮ, ಹೊರಗೆ ಹೋದ ಮೇಲೆ ಇರೋದು ಕೆಲಸ ಅಂದರು ಸಮಾಜ ಕಾರ್ಯಕರ್ತೆ ಮೇಡಂ.

ರಿಜಿಸ್ಟರ್ ಅವರದ್ದೇ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ನಮ್ಮ ಕಾರ್ಖಾನೆಯಲ್ಲಿ ಹಿಂದೆ ಇದ್ದ ಥರದ್ದು. ಎಡಗಡೆ ಪುಟದಲ್ಲಿ ಬಂದ ದಿನದ ಲೆಕ್ಕ. ಯಾರು ಕರೆತಂದರು, ಮೊದಲು ಎಷ್ಟನೇ ವಯಸ್ಸಿಗೆ ಕುಡಿದ, ಹಿಂದೆ ಎಲ್ಲಿ ಚಿಕಿತ್ಸೆ ಆಗಿತ್ತು, ಕೆಲಸ ಇದೆಯಾ, ಸಾಲ ಎಷ್ಟು. ಹತ್ತು ಪ್ರಶ್ನೆಯ ಒಂದು ಪಟ್ಟಿ ಇದೆ, ಆಡಿಟ್ ಅನ್ನುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು, 40ಕ್ಕೆ ಅಂಕ. ಎಂಟು ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ಚಟ ಬಲವಾಗಿದೆ ಅಂತ ಅನುಮಾನ. ನಮ್ಮವನಿಗೆ 31 ಬಂತು. ಪರೀಕ್ಷೆಯಲ್ಲಿ ಯಾವತ್ತೂ ಅಷ್ಟು ತೆಗೆದವನಲ್ಲ ಅಂತ ಅವನೇ ನಕ್ಕ.

ಬಲಗಡೆ ಪುಟ ಖಾಲಿ ಇರುತ್ತದೆ. ಅದು ತುಂಬುವುದು ಡಿಸ್ಚಾರ್ಜ್ ಆದ ಮೇಲೆ. ಒಂದು ವಾರ, ಎರಡು ವಾರ, ಒಂದು ತಿಂಗಳು, ಆಮೇಲೆ ತಿಂಗಳಿಗೊಮ್ಮೆ ಒಂದು ವರ್ಷ. ಬಂದರೆ ಸರಿ, ಬರದಿದ್ದರೆ ಫೋನ್. ಕೇಳುವುದು ಕುಡಿತಾ ಇದ್ದೀಯಾ ಅಂತ ಅಲ್ಲ. ಆ ಪ್ರಶ್ನೆಗೆ ಎಲ್ಲರೂ ಇಲ್ಲ ಮೇಡಂ ಅನ್ನುತ್ತಾರೆ. ಕಳೆದ 30 ದಿನದಲ್ಲಿ ಎಷ್ಟು ದಿನ ಕುಡಿದೆ, ಕುಡಿದ ದಿನ ಎಷ್ಟು, ಎಷ್ಟು ದಿನ ಕೆಲಸಕ್ಕೆ ಹೋದೆ, ಮಾತ್ರೆ ಎಷ್ಟು ಉಳಿದಿದೆ ಎಣಿಸಿ ಹೇಳು. ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು, ಸಂತೆ ದಿನ ಯಾವುದು, ಬಾಡಿಗೆ ಹಣ ಬಂದದ್ದು ಯಾವಾಗ ಅಂತ ಒಂದೊಂದೇ ಹಿಡಿದು ಕೇಳುತ್ತಾರೆ, ಆಗ ಮರೆತದ್ದು ತಾನಾಗಿ ಹೊರಗೆ ಬರುತ್ತದೆ. ಜೊತೆಗೆ ಜಿಜಿಟಿ ಅಂತ ಒಂದು ರಕ್ತ ಪರೀಕ್ಷೆ. ಜಾಸ್ತಿ ಕುಡಿಯುವವರಲ್ಲಿ ಅದು ಏರಿರುತ್ತದೆ, ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬೇರೆ ಲಿವರ್ ತೊಂದರೆಗೂ ಏರಬಹುದು, ಅದೊಂದನ್ನೇ ನಂಬಬಾರದು ಅಂದರು. ಎರಡನೇ ತೂಕ ಅಂದರೆ ಇದೇ ತಾನೇ.

ಡಿಸ್ಚಾರ್ಜ್ ಹಿಂದಿನ ದಿನ ಅವನನ್ನು, ತಂಗಿಯನ್ನು ಅಂದರೆ ಅವನ ಹೆಂಡತಿಯನ್ನು, ನನ್ನನ್ನು ಕೂರಿಸಿಕೊಂಡು ಮುಂದಿನ ಒಂದು ವರ್ಷದ ಲೆಕ್ಕ ಹಾಕಿದರು. ಯಾವ ಯಾವ ದಿನ ಕಷ್ಟ? ನಾವು ಬಾಯಿ ಬಿಡುವ ಮೊದಲೇ ಮೇಡಂ ತಾವೇ ಶುರು ಮಾಡಿದರು, ಯುಗಾದಿಯ ಹೊಸತೊಡಕು, ಬೀಗರೂಟ, ಊರ ಹಬ್ಬ, ಕಬ್ಬಿನ ದುಡ್ಡು ಬರುವ ವಾರ. ನಮ್ಮ ಮಂಡ್ಯದವರನ್ನು ಅರೆದು ಕುಡಿದಿದ್ದಾರೆ ಆಕೆ. ಹೊಸತೊಡಕಿನ ದಿನ ಎಲ್ಲಿರ್ತೀಯಾ? ಮನೇಲೇ ಅಂದ. ಮಟನ್ ತರೋಕೆ ಯಾರು ಹೋಗ್ತಾರೆ? ಅವನು ಸುಮ್ಮನಾದ. ಮಟನ್ ಕ್ಯೂ ಪಕ್ಕದಲ್ಲೇ ವೈನ್ ಶಾಪ್. ನಾನು ಹೋಗುತ್ತೇನೆ ಅಂತ ಬರೆಸಿದೆ. ಹೀಗೆ ಒಂದು ಹಾಳೆ, ಕೆಳಗೆ ನಾಲ್ಕು ಜನರ ಸಹಿ. ಅದು ಈಗಲೂ ಅವರ ಮನೆ ಫ್ರಿಜ್ ಮೇಲಿದೆ.

ಆದರೆ ಎಲ್ಲರೂ ಒಂದು ದಿನವನ್ನು ಮರೆತಿದ್ದೆವು, ಮೇಡಂ ಕೂಡ. ಪಿತೃಪಕ್ಷ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವಾಗ ಅವರು ಇಷ್ಟಪಡುತ್ತಿದ್ದದ್ದೆಲ್ಲ ಇಡುತ್ತೇವೆ. ಮಾವನಿಗೆ ಒಂದು ಕ್ವಾರ್ಟರ್ ಇಟ್ಟಿದ್ದರು, ವರ್ಷ ವರ್ಷ ಇಡುವ ಹಾಗೆ. ಎಡೆ ತೆಗೆಯುವ ಮಗ ಇವನೇ. ಬಾಗಿಲು ಹಾಕಿ ಎಡೆ ಬಿಟ್ಟು ಹೊರಗೆ ಕೂತಿರುತ್ತೇವಲ್ಲ, ಆಮೇಲೆ ಒಳಗೆ ಮೊದಲು ಹೋದವನು ಅವನು. ಅಪ್ಪನ ಪಾಲು, ಬಿಸಾಕೋಕೆ ಆಗಲಿಲ್ಲ ಭಾವ ಅಂದ ಆಮೇಲೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಐದು ತಿಂಗಳು ಕುಡಿಯದೆ ಇದ್ದವನು ಆ ವಾರ ಆರು ದಿನ ಕುಡಿದ.

ನಾನು ಆಸ್ಪತ್ರೆಗೆ ಹೇಳುವುದೇ ಬೇಡ ಅಂದುಕೊಂಡಿದ್ದೆ. ಮುಖ ಹೇಗೆ ತೋರಿಸುವುದು. ಏಳನೇ ದಿನ ಅವರ ಫೋನೇ ಬಂತು, ತಿಂಗಳ ಫೋನು. ಅವನೇ ಎತ್ತಿದ, ಅವನೇ ಹೇಳಿದ. ಮೇಡಂ ಬೈಯಲಿಲ್ಲ. ಎಷ್ಟು ದಿನ, ಎಷ್ಟು, ಈಗ ನಡುಕ ಇದೆಯಾ, ನಾಳೆ ಬೆಳಗ್ಗೆ ಬಸ್ಸಿಗೆ ಬಾ. ನಾಲ್ಕು ದಿನ ಒಳಗೆ ಇಟ್ಟು ಕಳಿಸಿದರು. ಮಾತ್ರೆ ಬದಲಾಯಿತು. ಬಲಗಡೆ ಪುಟದಲ್ಲಿ ಆರು ದಿನ ಅಂತ ಬರೆದರು, ಅಷ್ಟೇ. ಹಿಂದಿನ ತಿಂಗಳುಗಳ ಸೊನ್ನೆಗಳನ್ನು ಯಾರೂ ಹೊಡೆದುಹಾಕಲಿಲ್ಲ. ಮೊದಲನೇ ಜಾಗದಲ್ಲಾಗಿದ್ದರೆ ಇದಕ್ಕೆ ಮತ್ತೆ ಮೂರು ತಿಂಗಳ ಹಣ, ಮತ್ತೆ ವ್ಯಾನು. ಈಗ ಅವರ ವರ್ಷದ ಹಾಳೆಯಲ್ಲಿ ಪಿತೃಪಕ್ಷವೂ ಸೇರಿದೆ, ನಮ್ಮ ಹಾಳೆಯಲ್ಲಿ ಮಾತ್ರ ಅಲ್ಲ, ಈ ಕಡೆಯ ಎಲ್ಲರ ಹಾಳೆಯಲ್ಲೂ. ಮಾವನಿಗೆ ಈ ವರ್ಷ ಟೀ ಮತ್ತು ಕಡಲೆಪುರಿ ಇಡುವುದು ಅಂತ ಅತ್ತೆ ಒಪ್ಪಿದ್ದಾರೆ.

ರಿಜಿಸ್ಟರ್‌ನಿಂದ ಇನ್ನೊಂದು ಕೆಲಸ ಆಗುವುದನ್ನೂ ಕಂಡೆ. ತಿಂಗಳ ಕೊನೆಗೆ ಬಲಗಡೆ ಪುಟಗಳನ್ನು ತಿರುವಿ ಯಾರು ಬರುವುದು ನಿಲ್ಲಿಸಿದರು ಅಂತ ಊರಿನ ಪ್ರಕಾರ ಗುರುತು ಹಾಕುತ್ತಾರೆ. ಮಳವಳ್ಳಿ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರೇ ಜಾಸ್ತಿ ಬಿಟ್ಟುಹೋಗುತ್ತಿದ್ದರಂತೆ. ಮನಸ್ಸಿಲ್ಲ ಅಂತ ಅಲ್ಲ. ಮೈಸೂರಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಸರ್ಕಾರದ ಕಾರ್ಯಕ್ರಮ ಇದೆ, ಆ ಊರಿನವರಿಗೆ ಚೀಟಿ ಬರೆದು ಅಲ್ಲಿಗೇ ಹೋಗಿ ಅಂದರು. ಧರ್ಮಸ್ಥಳದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರಿಗೆ ಊರಲ್ಲಿ ನವಜೀವನ ಸಮಿತಿ, ಅಂದರೆ ಶಿಬಿರದಲ್ಲಿ ಕುಡಿತ ಬಿಟ್ಟವರ ಗುಂಪು, ಇದ್ದರೆ ಅದರ ಸಭೆ ಬಿಡಬೇಡಿ ಅನ್ನುತ್ತಾರೆ, ಇಂಗ್ಲಿಷ್ ಓದಿದವರಿಗೆ ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪಿನ ಸಭೆ. ಯಾರು ಎಲ್ಲಿ ತಪ್ಪಿಸಿಕೊಳ್ಳುತ್ತಾರೆ ಅಂತ ಗೊತ್ತಿದ್ದರೆ ತಾನೇ ಎಲ್ಲಿ ಮಂಚ ಬೇಕು, ಎಲ್ಲಿ ಮಾತ್ರೆ ಬೇಕು ಅಂತ ಹೇಳಲಿಕ್ಕಾಗುವುದು? ದೇಶದ ಲೆಕ್ಕ ಕೇಳಿದರೆ ಎದೆ ಝಲ್ ಅನ್ನುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಏಮ್ಸ್‌ನವರು ಮಾಡಿಕೊಟ್ಟ ಸಮೀಕ್ಷೆ, 2019ರಲ್ಲಿ ಬಂದದ್ದು, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಅನ್ನುತ್ತದೆ. ವಾರ್ಡಿನಲ್ಲಿ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಮ್ಮ ಭಾಮೈದ ಆ ಒಬ್ಬ. ಎರಡು ಸಲ ಆ ಒಬ್ಬ.

ಇಷ್ಟು ಹೊಗಳಿ ಬೈಯದೆ ಹೋದರೆ ಆ ಮೇಡಂಗೂ ಇಷ್ಟ ಆಗಲ್ಲ. ಎಲ್ಲ ಅವರೊಬ್ಬರ ತಲೆಯಲ್ಲಿ, ಒಂದು ಪುಸ್ತಕದಲ್ಲಿ ಇದೆ. ಅವರು ಹದಿನೈದು ದಿನ ರಜೆ ಹೋದಾಗ ಒಂದು ಫೋನೂ ಬರಲಿಲ್ಲ, ವಿಚಾರಿಸಿದರೆ ಪುಸ್ತಕದ ಬೀರುವಿನ ಬೀಗದ ಕೈ ಅವರ ಹತ್ತಿರ ಇದೆ ಅಂದರು. ಕಂಪ್ಯೂಟರ್ ಇದೆ, ಅದರ ಮೇಲೆ ಯಾರೋ ಕ್ಯಾಲೆಂಡರ್ ನೇತು ಹಾಕಿದ್ದಾರೆ. ಹೊಸ ರೋಗಿಗೆ ಡಾಕ್ಟರು ಅರ್ಧ ಗಂಟೆ ಕೊಡುತ್ತಾರೆ, ಹಳಬರಿಗೆ ನಾಲ್ಕು ನಿಮಿಷ. ಔಷಧಿ ಕೌಂಟರ್ ಕ್ಯೂ ಒಂದೂವರೆ ಗಂಟೆ, ಒಂದು ಮಾತ್ರೆ ಅಲ್ಲಿ ಯಾವತ್ತೂ ಸಿಕ್ಕಿಲ್ಲ, ಹೊರಗೇ ತೆಗೆದುಕೊಳ್ಳಬೇಕು. ಹೆಂಗಸರು ಕುಡಿಯುವುದಿಲ್ಲ ಅಂದುಕೊಂಡಿದ್ದಾರೋ ಏನೋ, ಆ ವಾರ್ಡಿನಲ್ಲಿ ಹೆಂಗಸರಿಗೆ ಮಂಚವೇ ಇಲ್ಲ. ಗಾಂಜಾ ಹುಡುಗರು, ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುವ ಕಾಲೇಜು ಹುಡುಗರು ಈಗ ಜಾಸ್ತಿ ಬರುತ್ತಿದ್ದಾರೆ ಅಂತ ನರ್ಸ್ ಹೇಳಿದರು. ಅವರನ್ನೂ ಐವತ್ತು ವರ್ಷದ ಕುಡುಕರ ಪಕ್ಕದಲ್ಲೇ ಮಲಗಿಸುತ್ತಾರೆ. ಬೇರೆ ಮಾಡಬೇಕು.

ಹೋಗುವವರು ಬೆಳಗ್ಗೆ ಎಂಟರ ಒಳಗೆ ಚೀಟಿ ಮಾಡಿಸಿ. ಹಳೇ ಔಷಧಿಯ ಖಾಲಿ ಪಟ್ಟಿಗಳನ್ನು ಬಿಸಾಕದೆ ತೆಗೆದುಕೊಂಡು ಹೋಗಿ, ಹಿಂದಿನ ಕೇಂದ್ರದವರು ಕಾಗದ ಕೊಡದಿದ್ದರೆ ಅದೇ ನಿಮ್ಮ ದಾಖಲೆ. ಎಷ್ಟು ಗಂಟೆಗೆ ಕುಡಿದದ್ದು ಅಂತ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಮತ್ತೆ, ಯಾವ ಜಾಗಕ್ಕೇ ಹೋಗಿ, ಹಣ ಕಟ್ಟುವ ಮೊದಲು ಬಲಗಡೆ ಪುಟ ತೋರಿಸಿ ಅನ್ನಿ. ಹೆಸರು ಮುಚ್ಚಿ ತೋರಿಸಲಿ, ತುಂಬಿದೆಯಾ ಖಾಲಿ ಇದೆಯಾ ಅಷ್ಟು ನೋಡಿದರೆ ಸಾಕು.

ಮೊದಲನೇ ಜಾಗಕ್ಕೆ ಐದಕ್ಕೆ ಸೊನ್ನೆ. ಎರಡನೆಯದಕ್ಕೆ ನಾಲ್ಕು. ಐದೂ ಕೊಡುತ್ತಿದ್ದೆ, ಆದರೆ ಆ ವಾರ್ಡಿನ ಟಾಯ್ಲೆಟ್‌ಗೆ ನಾನೂ ಹೋಗಿದ್ದೇನೆ.